ಹಂದಿಗಾಗಿ ಅಳತೆ ಕೊಟ್ಟ ಕೋವಿ

ಬಾಯಿ ತಪ್ಪಿ ಆಡಿದ ಒಂದು ಮಾತನ್ನು ಉಳಿಸಿಕೊಳ್ಳಲು ಮನುಷ್ಯ ಎಷ್ಟು ಸುಸ್ತಾಗಬಲ್ಲ ಎಂದು ತಿಳಿಯಬೇಕಾದರೆ ನನ್ನನ್ನು ನೋಡಿದರೆ ಸಾಕು. ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯೊಂದರಲ್ಲಿ ನಾನು ಕಾರಿನ ಸೀಟುಗಳ ಎಂಜಿನಿಯರ್. ಪಕ್ಕದ ಮೇಜಿನ ರಾಬ್ ಬೇಟೆಗಾರ. ಎರಡು ವರ್ಷದ ಹಿಂದೆ ಊಟದ ಹೊತ್ತಿನಲ್ಲಿ ಅವನು ಹಂದಿಬೇಟೆಯ ಸುದ್ದಿ ತೆಗೆದಾಗ, ನಾನು ಮೊಸರನ್ನದ ಡಬ್ಬಿ ಮುಚ್ಚುತ್ತಾ, ನಮ್ಮ ತಾತನೂ ಹಂದಿ ಅಟ್ಟುತ್ತಿದ್ದರು ಎಂದುಬಿಟ್ಟೆ. ಸುಳ್ಳಲ್ಲ. ಮೈಸೂರಿನ ನಮ್ಮ ವಠಾರಕ್ಕೆ ನುಗ್ಗುವ ಬೀದಿಹಂದಿಗಳನ್ನು ತಾತ ದಿನಾ ಕೊಡೆ ಹಿಡಿದು ಅಟ್ಟುತ್ತಿದ್ದರು. ಕೊಡೆಯ ವಿಷಯ ಮಾತ್ರ ನಾನು ಹೇಳಲಿಲ್ಲ. ರಾಬ್ ಎದ್ದು ಬಂದು ಕೈ ಕುಲುಕಿದ. ಅವನ ಗುಂಪಿನದೂ ಅಟ್ಟುವ ಬೇಟೆಯೇ ಅಂತೆ. ಒಂದಷ್ಟು ಜನ ಕೂಗುತ್ತಾ ಪೊದೆಗಳಿಂದ ಹಂದಿಗಳನ್ನು ಎಬ್ಬಿಸುತ್ತಾರೆ, ಸಾಲಾಗಿ ನಿಂತವರು ಓಡುವ ಹಂದಿಗೆ ಗುಂಡು ಹೊಡೆಯಬೇಕು. ಸಾಲಿನಲ್ಲಿ ನನಗೂ ಒಂದು ಜಾಗವೆಂದು ಅಲ್ಲೇ ತೀರ್ಮಾನವಾಯಿತು. ಬದನೆಕಾಯಿಯಲ್ಲಿ ಹುಳ ಸಿಕ್ಕರೆ ಹಿತ್ತಿಲಿಗೆ ಒಯ್ದು ಬಿಟ್ಟುಬರುವವನು ನಾನು. ಅದನ್ನು ಆಗಲೇ ಹೇಳಬೇಕಿತ್ತು.

ಅದರ ಬದಲು, ಅಂಗಡಿಯ ಕೋವಿ ನನ್ನ ಗಿಡ್ಡ ತೋಳಿಗೆ ಹೊಂದುವುದಿಲ್ಲ, ಹೇಳಿ ಮಾಡಿಸಬೇಕು ಎಂದೆ. ದಿನ ದೂಡುವ ಉಪಾಯ. ರಾಬ್ ಮರುವಾರವೇ ಕೋವಿ ಕಟ್ಟುವ ಒಬ್ಬ ಮುದುಕನ ಮುಂದೆ ನನ್ನನ್ನು ನಿಲ್ಲಿಸಿದ. ಅವನು ದರ್ಜಿಯಂತೆ ತೋಳು, ಕತ್ತು, ಕೆನ್ನೆಗಳ ಅಳತೆ ತೆಗೆದುಕೊಂಡ. ನಳಿಗೆ ಗಿಡ್ಡವಿರಬೇಕು, ಪೊದೆಗಳ ನಡುವೆ ಬೇಗ ತಿರುಗಬೇಕಲ್ಲ. ಗುರಿ ನೋಡುವ ಸ್ಕೋಪ್ ದೂರದ್ದನ್ನು ಹತ್ತಿರ ತೋರಿಸುವಂಥದ್ದು ಬೇಡ, ಹಂದಿ ಹತ್ತಿರವೇ ಇರುತ್ತದೆ ಎಂದ. ಈ ಮಾತು ಕೇಳಿದ ಮೇಲೆ ನನ್ನ ತಕರಾರುಗಳು ಹೆಚ್ಚಿದವು. ಹಿಡಿಯ ಮರ ಬದಲಾಯಿಸಿದೆ. ಕೆನ್ನೆ ತಾಗುವ ಜಾಗವನ್ನು ಮೂರು ಸಲ ಕೆತ್ತಿಸಿದೆ. ಹೀಗೆ ಎರಡು ವರ್ಷ ಉರುಳಿತು. ಕೊನೆಗೆ ಮುದುಕ, ಇನ್ನು ಕೆತ್ತಿದರೆ ಮರವೇ ಉಳಿಯುವುದಿಲ್ಲವೆಂದು ಕೋವಿಯನ್ನು ಕೈಗೆ ಕೊಟ್ಟ. ರಾಬ್‌ನ ಅಪ್ಪಣೆಯಂತೆ ಬೇಸ್‌ಮೆಂಟಿನಲ್ಲಿ ದಿನಾ ಐವತ್ತು ಸಲ ಖಾಲಿ ಕೋವಿಯನ್ನು ಭುಜಕ್ಕೇರಿಸಿ ಇಳಿಸಿದೆ. ಮಗಳು ಮೆಟ್ಟಿಲ ಮೇಲೆ ನಿಂತು ನೋಡಿ, "ಡ್ಯಾಡ್, ಯು ಲುಕ್ ಸೋ ಟಯರ್ಡ್" ಎಂದಳು.

ಬೇಟೆಗೆಂದು ಟೆಕ್ಸಸ್‌ಗೆ ವಿಮಾನದ ಟಿಕೆಟ್ ಆಯಿತು. ಹೊರಡುವ ದಿನ ಆಯುಧಪೂಜೆ. ನನ್ನ ಹೆಂಡತಿ ಮಾಲತಿ ಪ್ರತಿವರ್ಷ ಕಾರು, ಮಿಕ್ಸಿ, ಲ್ಯಾಪ್‌ಟಾಪ್‌ಗಳಿಗೆ ಪೂಜೆ ಮಾಡುವವಳು. ಈ ಸಲ ಸಾಲಿನಲ್ಲಿ ಕೋವಿಯೂ ಇತ್ತು. ನಳಿಗೆಗೆ ಚೆಂಡುಹೂವಿನ ಹಾರ ಹಾಕಿ, ಸ್ಕೋಪಿನ ಎರಡೂ ಗಾಜಿಗೆ ಭಕ್ತಿಯಿಂದ ಗಂಧ, ಕುಂಕುಮ ಹಚ್ಚಿದಳು. ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ರಾಬ್‌ನ ಟ್ರಕ್ ಮನೆ ಮುಂದೆ ನಿಂತಿತು. ನಾನು ಕೋವಿಯತ್ತ ಕೈ ಚಾಚಿದೆ.

"ರೀ, ಪೂಜೆಗಿಟ್ಟಿದ್ದನ್ನ ನಾಳೆ ಮರುಪೂಜೆ ಆಗೋ ತನಕ ಮುಟ್ಟೋ ಹಾಗಿಲ್ಲ" ಎಂದಳು ಮಾಲತಿ.

ಬೇಟೆ ಮರುದಿನ ಬೆಳಿಗ್ಗೆಯೇ. ನಾನು ತಲೆ ತಗ್ಗಿಸಿ ವಿಷಯ ತಿಳಿಸಿದೆ. ರಾಬ್ ಬಾಗಿಲಲ್ಲಿ ಟೋಪಿ ತೆಗೆದು, ಹಾರ ಹಾಕಿಕೊಂಡ ಕೋವಿಯನ್ನು ಬಹಳ ಹೊತ್ತು ನೋಡಿದ. ಮನೆಯ ನಂಬಿಕೆ ದೊಡ್ಡದು, ನಿನ್ನ ತಾತ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದರು ಎಂದು ನನ್ನ ಬೆನ್ನು ತಟ್ಟಿ ಒಬ್ಬನೇ ಹೊರಟ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ಎರಡು ವರ್ಷದಲ್ಲಿ ಮೊದಲ ಸಲ ಭುಜದ ಭಾರ ಇಳಿದಿತ್ತು.

ಊಟಕ್ಕೆ ಕೂತಾಗ ಮರ್ಯಾದೆಗಾದರೂ ಒಂದು ನಿಟ್ಟುಸಿರು ಬಿಟ್ಟು, ನಿನ್ನ ಪೂಜೆಯಿಂದಾಗಿ ಎರಡು ವರ್ಷದ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದೆ. ಮಾಲತಿ ಸಾರು ಬಡಿಸುತ್ತಾ ನನ್ನ ಮುಖ ನೋಡಿದಳು.

"ಪೂಜೆಗೆ ನಾನು ಕೇಳಿದ್ದು ಕಾರ್ ಕೀ ಮಾತ್ರ. ಬೆಳಿಗ್ಗೆ ಆರಕ್ಕೇ ಎದ್ದು ಕೋವಿ ತಂದಿಟ್ಟೋರು ನೀವು."

ನಾನು ಇನ್ನಷ್ಟು ಸಾರು ಹಾಕಿಸಿಕೊಂಡೆ. ರಾಬ್ ಬರಿಗೈಯಲ್ಲಿ ವಾಪಸು ಬಂದಿದ್ದಾನೆ. ಜನವರಿಯಲ್ಲಿ ಮತ್ತೆ ಬೇಟೆಯಂತೆ. ಆ ತಿಂಗಳು ಕೋವಿಗೆ ಯಾವ ಪೂಜೆಯೂ ಇಲ್ಲವೆಂದು ಮಾಲತಿಗೇ ಫೋನ್ ಮಾಡಿ ಖಚಿತ ಮಾಡಿಕೊಂಡಿದ್ದಾನೆ. ನಿನ್ನೆ ನಾನು ಕೋವಿ ಹಿಡಿದು ಮತ್ತೆ ಮುದುಕನ ಹತ್ತಿರ ಹೋಗಿಬಂದೆ. ಹಿಡಿ ಕಾಲಿಂಚು ಉದ್ದವಾದಂತಿದೆ.