ಗರಗಸದ ಗಂಟಲು ಬಿಡಿಸಿದ್ದು

ಭಾನುವಾರ ಸಂಜೆ ಐದರೊಳಗೆ ಆ ಕೊಂಬೆಯನ್ನು ನೆಲಕ್ಕಿಳಿಸಿಯೇ ತೀರುತ್ತೇನೆ, ಅದೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ, ಎಂದು ಶುಕ್ರವಾರ ಬೆಳಗ್ಗೆ ನಾನು ಘೋಷಿಸಿದೆ. ಕೇಳಿಸಿಕೊಳ್ಳಲು ಇದ್ದವಳು ಹೆಂಡತಿ ಒಬ್ಬಳೇ. ಆದರೂ ದನಿ ಮಾತ್ರ ಮೈದಾನದ ಭಾಷಣಕ್ಕೆ ಸಾಲುವಷ್ಟಿತ್ತು!

ಕೊಂಬೆಯ ಕಥೆ ಇಷ್ಟು. ಮರದ ಬುಡ ಇರುವುದು ಪಕ್ಕದ ಮನೆ ಮೇಷ್ಟ್ರ ಕಾಂಪೌಂಡಿನಲ್ಲಿ, ನೆರಳು ಬೀಳುವುದು ನಮ್ಮ ಅಂಗಳದಲ್ಲಿ. ಆ ನೆರಳಿನಲ್ಲಿ ನನ್ನ ಹೆಂಡತಿ ನಾಲ್ಕು ಹೊಲಿಗೆ ಮೆಷಿನ್ ಇಟ್ಟು ಹೆಂಗಸರಿಗೆ ಹೊಲಿಗೆ ಕಲಿಸುತ್ತಾಳೆ. ಮನೆಯೊಳಗೆ ಒಂದು ಮೆಷಿನ್ ಇಡಬೇಕಾದರೂ ಮಂಚ ಹೊರಗೆ ಹೋಗಬೇಕು. ಒಂದೇ ಒಂದು ಕೊಂಬೆ ಮೇಷ್ಟ್ರ ತಾರಸಿಯ ಮೇಲೆ ಬಾಗಿ, ಎಲೆ ಉದುರಿಸಿ, ಮಳೆನೀರಿನ ಪೈಪು ಕಟ್ಟಿಕೊಳ್ಳುವಂತೆ ಮಾಡುತ್ತಿತ್ತು. ಮೇಷ್ಟ್ರು ಮರವನ್ನೇ ಕಡಿಸಲು ಹೊರಟಿದ್ದರು. ನಾನೇ ಕೈಮುಗಿದು ಕೊಂಬೆಯ ಹೊಣೆ ಹೊತ್ತುಕೊಂಡಿದ್ದೆ.

"ಭಾನುವಾರ ಐದು ಗಂಟೆ," ಎಂದಿದ್ದರು ಮೇಷ್ಟ್ರು. "ಐದಕ್ಕೆ ಕೊಂಬೆ ಇದ್ರೆ, ಸೋಮವಾರ ಮರ ಇರಲ್ಲ."

"ರೀ, ಆ ಮರ ಹೋದ್ರೆ ನನ್ನ ಕ್ಲಾಸು ಹೋದಂಗೇ," ಎಂದಳು ಹೆಂಡತಿ. "ಸುಮ್ನೆ ಮರ ಕಡಿಯೋರನ್ನ ಕರೆಸಿ."

"ಡಿಗ್ರಿ ಮಾಡಿದವನ ಮನೆಗೆ ಮರ ಕಡಿಯೋರಾ!"

ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ನಮ್ಮಪ್ಪ ಕೊಡಲಿಗೆ ಹಿಡಿ ಹಾಕುವಾಗ ಒಂದು ಕಣ್ಣು ಮುಚ್ಚಿ ಅಂದಾಜು ನೋಡುತ್ತಿದ್ದರು. ನಾನು ಎರಡೂ ಕಣ್ಣು ತೆರೆದು ಪುಸ್ತಕ ನೋಡುವವನು. ನನ್ನ ಹತ್ತಿರ ಪೆಟ್ರೋಲಿನ ಪುಟ್ಟ ಚೈನ್ ಗರಗಸವಿತ್ತು. ಅದರ ಶಕ್ತಿ ಸಾಲದು, ಸೈಲೆನ್ಸರಿನ ತೂತು ದೊಡ್ಡದು ಮಾಡಿದರೆ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ, ಹೊಸ ಚೈನು ಹಾಕಿದರೆ ಇನ್ನೂ ಚುರುಕಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಮೂರು ಪುಟ ಟಿಪ್ಪಣಿ ಬರೆದುಕೊಂಡೆ.

"ಲೇ, ಚೈನು ತಂದಿದ್ದೀನಿ ಕಣೆ!" ಎಂದು ಒಳಗೆ ಬಂದೆ.

ಕೈಯಲ್ಲಿದ್ದ ಬಟ್ಟೆ ಬಿಟ್ಟು ಓಡಿ ಬಂದಳು. ಪೊಟ್ಟಣ ಬಿಚ್ಚಿದಳು. ಮೂವತ್ತು ಚಿಲ್ಲರೆ ಹಲ್ಲುಗಳು ಅವಳತ್ತ ಕಿರಿದವು.

"ಮದುವೆಯಾಗಿ ಹನ್ನೊಂದು ವರ್ಷಕ್ಕೆ ಚೈನು ತಂದ್ರಿ, ಅದೂ ಗರಗಸದ ಕೊರಳಿಗೆ!" ಎಂದು ಹೋದಳು.

ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಬೇಕಲ್ಲ? ಮೊಬೈಲನ್ನು ಡಬ್ಬಕ್ಕೆ ಒರಗಿಸಿದೆ. ನನ್ನ ಮುಖವೂ ಕಾಣಲೆಂದು ಸೆಲ್ಫಿ ಕ್ಯಾಮೆರಾದಲ್ಲೇ ಇಡೀ ಶಸ್ತ್ರಚಿಕಿತ್ಸೆಯನ್ನು ಚಿತ್ರೀಕರಿಸಿದೆ. ಸೈಲೆನ್ಸರನ್ನು ಕೊರೆಯುವಾಗ ಹೆಂಡತಿ ಇಣುಕಿದಳು.

"ಅದರ ಹೆಸರೇ ಸೈಲೆನ್ಸರ್ ಅಲ್ವೇನ್ರೀ? ಅದಕ್ಕೇ ತೂತು ಹೊಡೆದ್ರೆ ಸದ್ದಾಗಲ್ವಾ?"

"ಸದ್ದಲ್ಲ, ಅದು ಸಾಮರ್ಥ್ಯ!"

ಆಮೇಲೆ ವಿಡಿಯೋ ನೋಡಿ ನೋಡಿ ಒಂದೊಂದೇ ತಿರುಪು ಬಿಗಿದೆ. ವಿಡಿಯೋದಲ್ಲಿ ಎಡಕ್ಕಿದ್ದದ್ದು ಕೈಯಲ್ಲಿ ಬಲಕ್ಕಿತ್ತು. ನಾನು ಆ ಕಡೆ ಕೂತು ನೋಡಿದೆ, ಈ ಕಡೆ ಕೂತು ನೋಡಿದೆ, ಕೊನೆಗೆ ವಿಡಿಯೋದಲ್ಲಿ ಹಲ್ಲುಗಳು ಯಾವ ಕಡೆ ಮುಖ ಮಾಡಿದ್ದವೋ ಆ ಕಡೆಗೇ ಹೊಸ ಚೈನು ಕೂರಿಸಿದೆ. ಕಣ್ಣಾರೆ ಕಂಡದ್ದು ಸುಳ್ಳಾಗುತ್ತದೆಯೇ?

ಶನಿವಾರ ಬೆಳಗ್ಗೆ ಮೇಷ್ಟ್ರ ತಾರಸಿ ಹತ್ತಿ, ಗರಗಸ ಚಾಲೂ ಮಾಡುವ ಹಗ್ಗ ಎಳೆದೆ. ಅಬ್ಬಾ ಆ ಆರ್ಭಟ! ಕಾಗೆಗಳು ಎದ್ದು ಹೋದವು. ಬೀದಿ ನಾಯಿಗಳು ಮೊದಲು ಬೊಗಳಿ, ಆಮೇಲೆ ಗೌರವದಿಂದ ಸುಮ್ಮನಾದವು. ಗರಗಸವನ್ನು ಕೊಂಬೆಗೆ ಒತ್ತಿದೆ. ಹೊಗೆ ಬಂತು. ಇನ್ನೂ ಒತ್ತಿದೆ. ಇನ್ನೂ ಹೊಗೆ! ಅರ್ಧ ಗಂಟೆಯಾದ ಮೇಲೆ ನೋಡಿದರೆ ಕೊಂಬೆ ತುಂಡಾಗಿರಲಿಲ್ಲ, ಹುರಿದುಹೋಗಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಶಕ್ತಿ ಇದೆ, ವೇಗ ಇದೆ, ಹೊಸ ಹಲ್ಲಿದೆ, ಕಚ್ಚುತ್ತಿಲ್ಲ! ಚೈನು ಓಡುವ ಉದ್ದನೆಯ ಪಟ್ಟಿಗೆ ಬಾರ್ ಅನ್ನುತ್ತಾರೆ. ಅದು ಒಣಗಿರಬಹುದೆಂದು ತಾರಸಿಯಿಂದಲೇ ಬಿಡಿಭಾಗದ ಅಂಗಡಿಯವನಿಗೆ ಫೋನ್ ಹಚ್ಚಿದೆ. ಕಿವಿ ಗುಂಯ್ ಅನ್ನುತ್ತಿದ್ದುದರಿಂದ ಕೂಗಿಯೇ ಮಾತಾಡಿದೆ. "ಎಣ್ಣೆ ಹಾಕಿಯೇ ಶುರು ಮಾಡಿದೆ ಕಣಣ್ಣಾ! ಬಾರ್‌ಗೆ ಇನ್ನೂ ಎಣ್ಣೆ ಬೇಕಾ? ಅರ್ಧ ಬಾಟ್ಲಿ ಖಾಲಿ ಆಗಿದೆ!"

ಮೆಟ್ಟಿಲ ಬಾಗಿಲಲ್ಲಿ ಮೇಷ್ಟ್ರ ತಲೆ ಕಂಡಿತು. "ಏನಯ್ಯಾ ಇದು, ಬೆಳಬೆಳಗ್ಗೇನೇ?"

"ಗರಗಸಕ್ಕೆ ಸಾರ್!"

"ಕುಡಿಯೋರೆಲ್ಲಾ ಯಾವುದೋ ಒಂದರ ಹೆಸರು ಹೇಳ್ತಾರೆ," ಎಂದು ತಲೆ ಕೆಳಗಿಳಿಯಿತು.

ಶನಿವಾರವಿಡೀ ಹುರಿದೆ. ಸೈಲೆನ್ಸರಿನ ತೂತು ಇನ್ನಷ್ಟು ದೊಡ್ಡದು ಮಾಡಿ ಭಾನುವಾರವೂ ಹುರಿದೆ. ಮಧ್ಯಾಹ್ನ ಮೂರಕ್ಕೆ ಕೆಳಗಿಳಿದು ಬಂದಾಗ ಹೆಂಡತಿ ಮೆಷಿನ್‌ಗಳನ್ನು ಒಂದೊಂದಾಗಿ ಗೋಣಿಯಲ್ಲಿ ಸುತ್ತುತ್ತಿದ್ದಳು. ಅವಳು ಬೈಯದೇ ಇದ್ದರೆ ವಿಷಯ ಕೈಮೀರಿದೆ ಎಂದೇ ಅರ್ಥ.

"ಎಲ್ಲಾ ಸರಿಯಾಗೇ ಜೋಡಿಸಿದ್ದೀನಿ ಕಣೆ, ಬೇಕಾದ್ರೆ ನೋಡು," ಎಂದು ವಿಡಿಯೋ ತೋರಿಸಿದೆ.

ಅವಳು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ವಿಡಿಯೋ ನೋಡಿದಳು.

"ರೀ, ನೀವು ಯಾವಾಗಿಂದ ಎಡಚರಾದ್ರಿ?"

"ನಾನಾ? ಇಲ್ಲಪ್ಪ."

"ಇದ್ರಲ್ಲಿ ಎಡಗೈಲಿ ಸ್ಪ್ಯಾನರ್ ತಿರುಗಿಸ್ತಿದ್ದೀರಿ. ಬನಿಯನ್ ಮೇಲಿನ ಅಕ್ಷರಾನೂ ಉಲ್ಟಾ! ಇದು ಕನ್ನಡಿ ಥರಾ ತೆಗೆದಿದೆ ರೀ. ಎರಡು ದಿನದಿಂದ ಹಲ್ಲಿನ ಬೆನ್ನಿಂದ ಮರ ಉಜ್ಜಿದ್ದೀರಿ!"

ನೋಟ್‌ಬುಕ್ಕಿನ ಮೂರು ಪುಟದಲ್ಲಿ ಕನ್ನಡಿಯ ವಿಷಯವೇ ಇರಲಿಲ್ಲ! ಚೈನು ತಿರುಗಿಸಿ ಹಾಕಿ ಇಬ್ಬರೂ ತಾರಸಿಗೆ ಓಡಿದೆವು. ಗಂಟೆ ನಾಲ್ಕೂ ಮುಕ್ಕಾಲು. ಹಗ್ಗಕ್ಕೆ ಕೈ ಹಾಕಿದೆ.

"ನಿಲ್ಸೋ ಮಾರಾಯಾ!"

ಮೇಷ್ಟ್ರು! ಎರಡೂ ಕಿವಿಯಲ್ಲಿ ಹತ್ತಿ, ಅದರ ಮೇಲೆ ಬಿಗಿದು ಕಟ್ಟಿದ ಟವಲು.

"ಸಾರ್, ಇನ್ನೂ ಹದಿನೈದು ನಿಮಿಷ ಇದೆ!"

"ಏನು?"

"ಹದಿನೈದು ನಿಮಿಷ!"

"ಎರಡು ದಿನದಿಂದ ನಮ್ಮನೇಲಿ ಬರೀ ಕೈಸನ್ನೆ ಕಣಯ್ಯಾ! ನನ್ ಹೆಂಡತಿ ಅವಳ ತಂಗಿ ಮನೆಗೆ ಹೊರಟುಹೋದ್ಲು. ಮೂವತ್ತೈದು ವರ್ಷ ಮಕ್ಕಳ ಗಲಾಟೆ ತಡ್ಕೊಂಡವನು ನಾನು, ಇದು ನನ್ ಕೈಲಾಗಲ್ಲ. ಮರ ಇರ್ಲಿ, ಕೊಂಬೇನೂ ಇರ್ಲಿ. ಪೈಪಿಗೆ ಜಾಲರಿ ಹಾಕಿಸ್ಕೋತೀನಿ. ಆ ದೆವ್ವ ಒಂದನ್ನ ನನ್ನ ತಲೆ ಮೇಲಿಂದ ಇಳಿಸು!"

"ಸಾರ್, ಈಗ ಸರಿಹೋಗಿದೆ! ಒಂದೇ ಒಂದು ನಿಮಿಷ, ಹೆಂಗೆ ಕತ್ತರಿಸುತ್ತೆ ನೋಡಿ..."

ಹೆಂಡತಿ ನನ್ನ ಕೈಯನ್ನು ಹಗ್ಗದಿಂದ ಬಿಡಿಸಿ, ಗರಗಸವನ್ನು ಸೊಂಟಕ್ಕೆ ಎತ್ತಿಕೊಂಡು, "ಬರ್ತೀವಿ ಸಾರ್, ನೀವು ಮಲಗಿ," ಎಂದು ಮೆಟ್ಟಿಲಿಳಿದೇಬಿಟ್ಟಳು.

ನೆರಳಲ್ಲಿ ಮೆಷಿನ್‌ಗಳು ಗೋಣಿಯಿಂದ ಹೊರಬಂದವು. ನಾನು ಗೋಡೆಗೊರಗಿ ನಿಂತಿದ್ದೆ. ಗೆದ್ದೆನೋ ಸೋತೆನೋ ಬಗೆಹರಿಯುತ್ತಿರಲಿಲ್ಲ. "ಇಷ್ಟೆಲ್ಲಾ ಮಾಡಿ, ಒಂದು ಎಲೆ ಕೂಡ ಕತ್ತರಿಸಲಿಲ್ವಲ್ಲೇ," ಎಂದೆ.

ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ಬೇಜಾರು ಮಾಡ್ಕೋಬೇಡಿ ರೀ. ಮರ ಕಡಿಯೋ ಗರಗಸ ಎಲ್ಲರ ಮನೇಲೂ ಇರುತ್ತೆ. ಮರ ಉಳಿಸಿದ್ದು ನಿಮ್ಮದೊಂದೇ!"