ಅಂಗಿ ತೊಟ್ಟು ಲಿಂಗಸುಗೂರಿಗೆ ಹೋದದ್ದು

ಬಟ್ಟೆಯಿಂದಾಗಿ ಫಜೀತಿ ಪಡುವುದು ನನಗೆ ಹೊಸದಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಈಗ ಹೇಳುವವೆಲ್ಲ ತೊಂಬತ್ತರ ದಶಕದ ಮೊದಮೊದಲಿನವು. ಆಗ ನಾನು ಸಿಂಧನೂರಿನ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ.

೧. ಅಳತೆ

ಶುರುವಾದದ್ದು ಸೆರಗಿನಿಂದ. ಟೈಪಿಂಗ್ ಮಷೀನು ಕಾಗದದ ಜೊತೆಗೆ ನನ್ನ ಸೆರಗನ್ನೂ ಒಳಗೆ ಎಳೆದುಕೊಳ್ಳುತ್ತಿತ್ತು. ಒಂದು ದಿನ ‘ಮಾನ್ಯರೆ’ ಎಂದು ಹೊಡೆದು ಮುಗಿಸುವಷ್ಟರಲ್ಲಿ ನನ್ನ ಗದ್ದ ಹೋಗಿ ರೋಲರಿಗೆ ತಾಗಿತು. ಇದೂ ಪಾಠದ ಭಾಗವೇ ಇರಬೇಕೆಂದು ಮುಂದಿನ ಸಾಲಿನ ಹುಡುಗಿಯರೆಲ್ಲ ಗದ್ದ ಬಗ್ಗಿಸಿದರು.

ಸೆರಗು ಸಿಕ್ಕಿಸಿ ಮೇಲೊಂದು ತುಂಬುತೋಳಿನ ಅಂಗಿ ತೊಟ್ಟರೆ ಹೇಗೆ ಎಂದು ಹೊಳೆದದ್ದು ಆಗ. ನೀಲಿ ಚೌಕಳಿಯ ಬಟ್ಟೆ ಆರಿಸಿಕೊಂಡು ನಮ್ಮ ಓಣಿಯ ಟೇಲರನ ಹತ್ತಿರ ಹೋದೆ.

“ಅಂಗಿ ಹೊಲೀಬೇಕ್ರಿ. ಎದಿ ಮ್ಯಾಲ ಕಿಸೆ ಇರಲಿ.”

“ಹೊಲಿಯೋಣಂತ. ಅಳತಿಗೆ ನಿಮ್ಮ ಯಜಮಾನರನ್ನ ಕಳಸ್ರಿ.”

“ನನ್ನ ಮದುವಿ ಆಗಿಲ್ರಿ.”

ಆತ ಬಟ್ಟೆಯನ್ನು ನೀಟಾಗಿ ಮಡಚಿ ಕಪಾಟಿನಲ್ಲಿಟ್ಟ. “ಹಂಗಾದ್ರ ಆದಮ್ಯಾಲ ಬರ್ರಿ. ಬಟ್ಟಿ ಏನೂ ಕೆಡಂಗಿಲ್ಲ.”

೨. ಸಾಲು ಸೀದಾ

ಟೇಲರನ ಹೆಂಡತಿ ದೊಡ್ಡ ಮನಸ್ಸಿನವಳು. ಗಂಡ ಊಟಕ್ಕೆ ಎದ್ದಾಗ ಅಳತೆ ತೆಗೆದುಕೊಂಡು ತಾನೇ ಹೊಲಿದುಕೊಟ್ಟಳು. ತೊಟ್ಟುಕೊಂಡರೆ ಅದೇನು ಹಿತ! ಕಿಸೆಯಲ್ಲಿ ಪೆನ್ನು, ಬಸ್ಸಿನ ಪಾಸು, ಕರ್ಚೀಫು. ಕ್ಲಾಸು ಮುಗಿದ ಮೇಲೂ ಅಂಗಿ ಬಿಚ್ಚಲು ಮನಸ್ಸಾಗಲಿಲ್ಲ.

ಆದರೆ ನಮ್ಮ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರು ಗಂಡಂದಿರ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಡುತ್ತಾರೆ. ಕೆಸರು ಸಿಡಿಯುತ್ತದೆ, ಬಿಸಿಲು ಸುಡುತ್ತದೆ, ಅದಕ್ಕೆ. ಮೊದಲ ವಾರವೇ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮುಂದೆ ಒಂದು ಟ್ರ್ಯಾಕ್ಟರ್ ನನ್ನ ಪಕ್ಕದಲ್ಲೇ ನಿಂತಿತು. ಮುಕ್ಕುಂದದ ಕಡೆಯ ರೈತರೊಬ್ಬರು ಅವಸರದಲ್ಲಿದ್ದರು.

“ಹತ್ತವ್ವ, ಹೊತ್ತಾತು.”

“ನಾ ನಾಟಿಗೆ ಬರಾಕಿ ಅಲ್ರಿ. ಟೈಪಿಂಗ್ ಕಲಸತೀನಿ.”

“ಏನರ ಕಲಸವ್ವ. ನಮಗ ಸಾಲು ಸೀದಾ ಬಂದ್ರ ಸಾಕು.”

ಅಂದು ಸಂಜೆ ಇದನ್ನು ಕೇಳಿ ಅವ್ವ ನಗಲಿಲ್ಲ. “ನಿನ್ನಂಗ ಅಂಗಿ ತೊಟ್ಟಾಕಿನ್ನ ಒಬ್ಬಾಕಿನ್ನರ ತಂದು ನನ್ನ ಮುಂದ ನಿಲ್ಲಸು. ನಿಲ್ಲಸಿದ್ರ ನಾ ಬಾಯಿ ಮುಚ್ಚತೀನಿ. ಇಲ್ಲಂದ್ರ ಬರೋ ಸೋಮವಾರ ಆ ಅಂಗೀಲೆ ನೆಲ ಒರಸತೀನಿ” ಅಂದಳು.

ಅವ್ವ ಆಡಿದ್ದನ್ನು ಮಾಡುವವಳು. ಅಂಗಿಯ ಚಿಂತೆ ಒಂದು ಕಡೆ. ಇನ್ನೊಂದು ಕಡೆ, ಇಷ್ಟಪಟ್ಟು ಬೇರೆ ಥರ ಉಡುವವರು ನನ್ನ ಹಾಗೆ ಮತ್ತೊಬ್ಬರಿಲ್ಲವೇ ಎಂಬ ಪ್ರಶ್ನೆ ನನ್ನನ್ನೂ ಕೊರೆಯತೊಡಗಿತು. ಒಬ್ಬಳೇ ಬೇರೆಯಾಗಿರುವುದು ಬೇಸರದ ಕೆಲಸ.

೩. ಒಳಗೋ ಹೊರಗೋ

ಆ ವಾರವೇ ಲಿಂಗಸುಗೂರಿನ ಒಬ್ಬಾತ ಒಂದು ಕರಪತ್ರ ಟೈಪು ಮಾಡಿಸಲು ನಮ್ಮಲ್ಲಿಗೆ ಬಂದ. ‘ಬೇರೆ ಥರ ಉಡುಪು ತೊಡುವವರ ಮಿಲನ. ಈ ರವಿವಾರ. ಒಬ್ಬರೇ ಬಂದರೂ ಸ್ವಾಗತ.’ ಟೈಪು ಮಾಡುತ್ತ ನನಗೂ ಒಂದು ಪ್ರತಿ ತೆಗೆದಿಟ್ಟುಕೊಂಡೆ. ನಾನು ಹುಡುಕಬೇಕೆಂದಿದ್ದವರು ತಾವಾಗಿ ನನ್ನ ಮಷೀನಿಗೆ ಬಂದಿದ್ದರು.

ರವಿವಾರ ಅಂಗಿ ಇಸ್ತ್ರಿ ಮಾಡಿ ತೊಟ್ಟು ಒಬ್ಬಳೇ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಚಹಾ ಕುಡಿಯಲು ಒಂದು ಹೋಟೆಲಿಗೆ ಹೋದೆ. ಅಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿದ ಕೋಣೆ ಬೇರೆ ಇತ್ತು. ಮಾಣಿ ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಮಾಲೀಕನ ಕಡೆ ತಿರುಗಿದ.

“ಇವರನ್ನ ಎಲ್ಲಿ ಕುಂದ್ರಸಲ್ರೀ? ಸೀರಿ ನೋಡಿದ್ರ ಒಳಗ, ಅಂಗಿ ನೋಡಿದ್ರ ಹೊರಗ.”

ಮಾಲೀಕ ಸಮಾಧಾನದ ಮನುಷ್ಯ. ಪರದೆಯ ಹತ್ತಿರ ಸ್ಟೂಲು ಹಾಕಿಸಿದ. ಸೊಂಟದ ತನಕ ನಾನು ಕೋಣೆಯೊಳಗೆ, ತಲೆ ಪರದೆಯ ಹೊರಗೆ. ಚಹಾ ಎರಡೂ ಕಡೆಯಿಂದ ಬಂತು.

೪. ಮಿಲನ

ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಸಭೆ. ಬಾಗಿಲು ತಳ್ಳಿದರೆ ಒಳಗೆ ಮೂವರೇ ಇದ್ದರು. ಕರಪತ್ರದವನು ಬೆಲ್‌ಬಾಟಮ್ ಪ್ಯಾಂಟು ತೊಟ್ಟಿದ್ದ. ಊರೆಲ್ಲ ಅದನ್ನು ಬಿಟ್ಟು ವರ್ಷಗಳಾಗಿದ್ದವು, ಈತ ಬಿಟ್ಟಿರಲಿಲ್ಲ. ಇನ್ನೊಬ್ಬರು ಆ ಧಗೆಯಲ್ಲೂ ಉಣ್ಣೆಯ ಕೋಟು ಹಾಕಿಕೊಂಡು ಬೆವರುತ್ತಿದ್ದರು. ಮೂರನೆಯವರು ನಾಟಕದಲ್ಲಿ ರಾಜನ ಪಾತ್ರ ಮಾಡುವವರು. ಜರಿಯ ಪೇಟ ಮನೆಯಲ್ಲೂ ತೆಗೆಯುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು.

ಎಲ್ಲರೂ ನನ್ನ ಹಾಗೇ ತಮ್ಮಂಥವರನ್ನು ಹುಡುಕಿಕೊಂಡು ಬಂದವರು. ಆದರೆ ಕೋಟಿನವರಿಗೆ ಬೆಲ್‌ಬಾಟಮ್ ನೋಡಿ ನಗು, ಬೆಲ್‌ಬಾಟಮಿನವನಿಗೆ ಪೇಟ ನೋಡಿ ನಗು. ನನ್ನನ್ನು ನೋಡಿ ಮೂವರಿಗೂ ಒಟ್ಟಿಗೆ ನಗು.

“ಇದ್ಯಾವ ವೇಷರೀ ಮೇಡಂ?” ಎಂದರು ರಾಜರು.

ಆಮೇಲೆ ಗಂಭೀರ ಚರ್ಚೆಯಾಗಿ ಸಂಘ ಕಟ್ಟಿದೆವು. ಅಧ್ಯಕ್ಷರಾದ ಕೋಟಿನವರು ಎದ್ದು ನಿಂತರು. “ನಾವೆಲ್ಲಾ ಒಂದ ಅಂತ ಮಂದಿಗೆ ಗೊತ್ತಾಗಬೇಕು. ಹಿಂಗ ಒಬ್ಬೊಬ್ಬರು ಒಂದೊಂದ್ ನಮೂನಿ ಬಂದ್ರ ಚೆಂದ ಕಾಣಂಗಿಲ್ಲ. ಮುಂದಿನ ಸಲದಿಂದ ಎಲ್ಲಾರೂ ಬಿಳಿ ಅಂಗಿ, ಕರಿ ಪ್ಯಾಂಟು.”

“ನಾನ್ರಿ?” ಎಂದೆ.

“ನೀವು ಎಲ್ಲಾ ಹೆಣ್ಮಕ್ಕಳಂಗ ಸೀರಿ ಉಟಗೊಂಡು ಬರ್ರಿ.”

೫. ಅದಕ್ಕೇ ಬಂದೀನಿ

ತಿರುಗಿ ಬರುವಾಗ ನನಗೆ ಬಹಳ ಬೇಜಾರಾಗಿತ್ತು. ಮರುದಿನವೇ ಸೋಮವಾರ. ಅವ್ವನ ಮುಂದೆ ನಿಲ್ಲಿಸಲು ಒಬ್ಬರೂ ಸಿಕ್ಕಿರಲಿಲ್ಲ. ಅದು ಸಾಲದೆಂಬಂತೆ ಮಸ್ಕಿ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಆಗ ಬಳಗಾನೂರಿನ ಗದ್ದೆಗಳಿಂದ ಸಿಂಧನೂರಿಗೆ ವಾಪಸು ಹೊರಟಿದ್ದ ನಾಟಿಯ ಹೆಂಗಸರ ಟ್ರ್ಯಾಕ್ಟರ್ ಬಂತು. ಈ ಸಲ ಯಾರೂ ಕರೆಯದೆ ನಾನೇ ಹತ್ತಿದೆ.

ಗುಂಪಿಗೆ ಹಿರಿಯಳಾದವಳು ಜರುಗಿ ಜಾಗ ಕೊಟ್ಟು ನನ್ನ ಅಂಗಿಯ ತೋಳು ಮುಟ್ಟಿ ನೋಡಿದಳು.

“ಇದು ಯಾರದು ತಂಗಿ? ಅಣ್ಣಂದಾ?”

“ನಂದ ಅಕ್ಕ. ನನ್ನ ಅಳತೀಲೆ ಹೊಲಸಿದ್ದು.”

ಟ್ರೇಲರಿನಲ್ಲಿದ್ದವರೆಲ್ಲ ಒಮ್ಮೆಗೇ ಮಾತು ಶುರುಮಾಡಿದರು. ಒಬ್ಬಳ ಗಂಡ ದಪ್ಪ, ಅವನ ಅಂಗಿ ತೊಟ್ಟರೆ ಬಗ್ಗಿದಾಗ ಬಾಯಿಗೇ ಬರುತ್ತದೆ. ಇನ್ನೊಬ್ಬಳ ಗಂಡ ಸಣಕಲ, ಕೈ ಎತ್ತಿದರೆ ಹೊಲಿಗೆ ಬಿಡುತ್ತದೆ. ಕಿಸೆ ಎಷ್ಟು ಆಳವಿರಬೇಕು, ಗುಂಡಿ ಎಷ್ಟಿರಬೇಕು, ಎಲೆಯಡಿಕೆಯ ಚೀಲ ಯಾವ ಕಡೆ ಇಡಬೇಕು ಎಂದು ಸಿಂಧನೂರು ಬರುವ ತನಕ ವಾದ. ಲಿಂಗಸುಗೂರಿನಲ್ಲಿ ನಾನು ಬಯಸಿ ಹೋದ ಸಭೆ ಇದೇ ಆಗಿತ್ತು. ಖುಷಿಗೆ ನನ್ನ ಕಣ್ಣು ತುಂಬಿ ಬಂದವು. ಅವ್ವನ ಮಾತನ್ನೂ ಅವರಿಗೆ ಹೇಳಿದೆ. ಟ್ರ್ಯಾಕ್ಟರ್ ಸೀದಾ ನಮ್ಮ ಓಣಿಗೆ ತಿರುಗಿತು.

ಅವ್ವ ಬಾಗಿಲಿಗೆ ಬಂದು ನೋಡಿದಳು. “ಇವರು ಕೆಲಸಕ್ಕ ಅಂತ ತೊಟ್ಟಾರ” ಎಂದು ವಾದ ಹೂಡಿದಳು.

ಹಿರಿಯಳು ಕೆಳಗಿಳಿಯಲೂ ಇಲ್ಲ. “ನಿಮ್ಮ ಮಗಳೇನು ಮನ್ಯಾಗ ಕುಂತಾಳೇನ್ರಿ ಯಮ್ಮಾ?”

ಅವ್ವ ಚಹಾಕ್ಕೆ ಇಡಲು ಒಳಗೆ ಹೋದಳು. ನೆಲ ಒರೆಸುವುದಕ್ಕೆ ಬೇರೆ ಅರಿವೆ ಸಿಕ್ಕಿತು.

ನಾಟಿ ಮುಗಿದ ವಾರ ಇಡೀ ಗುಂಪು ಬಟ್ಟೆ ಹಿಡಿದು ನಮ್ಮ ಟೇಲರನ ಅಂಗಡಿಗೆ ಬಂತು. ದಾರಿ ತೋರಿಸಲು ನಾನೂ ಹೋಗಿದ್ದೆ. ಎಲ್ಲರೂ ತಮ್ಮ ತಮ್ಮ ಅಳತೆಯಲ್ಲೇ ಅಂಗಿ ಬೇಕೆಂದಾಗ ಟೇಲರ ಟೇಪನ್ನು ಕೊರಳಿಂದ ತೆಗೆದು ಕೆಳಗಿಟ್ಟ. ನನ್ನನ್ನು ಒಮ್ಮೆ ನೋಡಿದ. ಆಮೇಲೆ ಮುಂದೆ ನಿಂತಿದ್ದ ಹಿರಿಯಳನ್ನು ಕೇಳಿದ.

“ನಿನ್ನ ಮದುವಿ ಆಗೇತೇನವ್ವ?”

“ಆಗಿ ಇಪ್ಪತ್ತು ವರ್ಷ ಆತು” ಎಂದಳು ಆಕೆ. “ಗಂಡನ ಅಂಗಿ ತೊಟ್ಟು ತೊಟ್ಟು ಸಾಕಾಗೇತಿ. ಅದಕ್ಕ ಬಂದೀನಿ.”