ನೂರ ನಲವತ್ತೈದನೇ ಪುಟ

ನಮ್ಮ ಊರಿನಲ್ಲಿ ಓದುಗ ಅನ್ನಿಸಿಕೊಳ್ಳುವ ಯೋಗ್ಯತೆ ಇರೋದು ಒಬ್ಬನಿಗೇ, ಆ ಒಬ್ಬ ನಾನೇ! ಜಂಬಕ್ಕೆ ಹೇಳುತ್ತಿಲ್ಲ, ಬೇಕಾದರೆ ಬಂದು ನನ್ನ ಕಪಾಟು ನೋಡಿ. ನೆಲದಿಂದ ಸೂರಿನವರೆಗೆ ಒಬ್ಬರೇ ಲೇಖಕರು, ನೂರ ಇಪ್ಪತ್ತಾರು ಪತ್ತೇದಾರಿ ಕಾದಂಬರಿಗಳು! ಬರೆದವರು ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ, ಹಾಗಾಗಿ ಅಭಿಮಾನಿಗಳಿಗೆಲ್ಲ ಅವರು 'ಮಾಸ್ತರು'. ನನ್ನ ಹೆಂಡತಿಗೆ ಮಾತ್ರ 'ಸವತಿ'.

ಅದಕ್ಕೂ ಕಾರಣವಿದೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹಜಾರಕ್ಕೆ ಇರೋದು ಒಂದೇ ದೊಡ್ಡ ಕಿಟಕಿ, ಅದಕ್ಕೆ ಅಡ್ಡವಾಗಿ ನಿಂತಿರೋದು ಮಾಸ್ತರ ಕಪಾಟು. ಹೊಲಿಗೆ ಮಿಷನ್ನು ಒಂಬತ್ತು ವರ್ಷದಿಂದ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಪಕ್ಕ ಬೇಯುತ್ತಿತ್ತು.

"ರೀ, ಸೂಜಿಗೆ ದಾರ ಪೋಣಿಸೋಕೆ ಕಣ್ಣೇ ಕಾಣಲ್ಲ. ಆ ಕಪಾಟು ಕಿಟಕಿ ಬಿಟ್ಟು ಆಚೆ ಸರಿಸ್ರಿ."

"ಸರಿಸೋದಾ! ಅದೇನು ಈರುಳ್ಳಿ ಬುಟ್ಟಿನಾ? ಸಾಹಿತ್ಯ ಕಣೇ, ಸಾಹಿತ್ಯ!"

"ನೀವು ಅದನ್ನ ಓದ್ತೀರೋ, ಬರೀ ಒರೆಸ್ತೀರೋ?"

ನನ್ನ ಅಭಿಮಾನಕ್ಕೆ ಬೆಂಕಿ ಬಿತ್ತು! ಅಷ್ಟರಲ್ಲೇ ಅದೃಷ್ಟ ಒದ್ದುಕೊಂಡು ಬಂತು ನೋಡಿ. ನಾನು ಗುಮಾಸ್ತನಾಗಿರುವ ನೀರು ಸರಬರಾಜು ಕಚೇರಿಗೆ ವಾಚನಾಲಯದ ಮೇಲ್ವಿಚಾರಕರು ಬಂದು, "ಮುಂದಿನ ತಿಂಗಳು ಮಾಸ್ತರಿಗೆ ಸನ್ಮಾನ. ಓದುಗರ ಪರವಾಗಿ ನೀವೇ ಮಾತಾಡಬೇಕು" ಅಂದರು. ನಾನು ಮನೆಗೆ ನಡೆದು ಬರಲಿಲ್ಲ, ತೇಲಿಕೊಂಡು ಬಂದೆ.

"ಕೇಳಿದ್ಯಾ? ಊರೇ ಒಪ್ಪಿದೆ! ಆ ಸಭೇಲಿ ನಾನು ನಿಜವಾದ ಓದುಗ ಅಂತ ಸಾಬೀತಾದ್ರೆ ಇನ್ನು ಕಿಟಕಿ ಸುದ್ದಿ ಎತ್ತಬಾರದು."

"ಆಗ್ದೇ ಹೋದ್ರೆ?"

"ಕಪಾಟು ಅಡುಗೆಮನೆಗೆ, ಮಿಷನ್ನು ಕಿಟಕಿಗೆ! ಮಾತು ಅಂದ್ರೆ ಮಾತು."

ಅವಳು ಹಲ್ಲಿನಲ್ಲಿ ದಾರ ಕಚ್ಚಿ ತುಂಡು ಮಾಡಿ, "ಆಯ್ತು" ಅಂದಳು. ಅಷ್ಟು ಬೇಗ ಒಪ್ಪಿದಾಗಲೇ ನಾನು ಹುಷಾರಾಗಬೇಕಿತ್ತು.

ಇನ್ನು ಒಂದು ಗುಟ್ಟು. ಪುಸ್ತಕ ಕೊಂಡ ದಿನ ನಾನು ಮೊದಲ ನಾಲ್ಕು ಪುಟ ಓದುತ್ತೇನೆ, ಮೂಲೆಯಲ್ಲಿ ರುಜು ಹಾಕುತ್ತೇನೆ, ನಂಬರು ಕೊಟ್ಟು ಸಾಲಿಗೆ ಸೇರಿಸುತ್ತೇನೆ. ಮುಂದಿನದನ್ನು ನಿವೃತ್ತಿಯಾದ ಮೇಲೆ ಓದೋಣ ಅಂತ ಇಟ್ಟಿದ್ದೆ. ತಪ್ಪೇನು? ಬ್ಯಾಂಕಿನಲ್ಲಿ ಇಟ್ಟವರು ದಿನಾ ತೆಗೆದು ನೋಡುತ್ತಾರೆಯೇ?

ಸನ್ಮಾನಕ್ಕೆ ಮುಂಚೆ ಅಷ್ಟೂ ಪುಸ್ತಕಕ್ಕೆ ಕೆಂಪು ರಟ್ಟು, ಚಿನ್ನದ ಅಕ್ಷರ ಹಾಕಿಸಿಬಿಡೋಣ ಅಂತ ಬೈಂಡರ್ ತಾತನಿಗೆ ಒಪ್ಪಿಸಿದೆ. ತಾತ ಹಳೇ ಹೊಲಿಗೆ ಬಿಚ್ಚಿದ. ಕೊನೆಯ ಹದಿನಾರು ಪುಟಗಳೇ ಹೆಚ್ಚು ಹರಿದಿದ್ದರಿಂದ ಅವನ್ನೆಲ್ಲ ಬೇರೆ ರಾಶಿ ಹಾಕಿ ಅಂಟು ಹಚ್ಚಿದ. ಮಾಸ್ತರ ಶಿಸ್ತು ಎಂಥದ್ದು ಅಂದರೆ ಪ್ರತಿ ಕಾದಂಬರಿಯೂ ಸರಿಯಾಗಿ ನೂರ ಅರವತ್ತು ಪುಟ, ಪ್ರತಿಯೊಂದರ ಕೊನೆಯ ಅಧ್ಯಾಯವೂ ನೂರ ನಲವತ್ತೈದನೇ ಪುಟದಲ್ಲಿ ಶುರು, ಎಲ್ಲದರಲ್ಲೂ ಅದೇ ಇನ್ಸ್‌ಪೆಕ್ಟರು!

"ತಾತ, ಹೆಚ್ಚುಕಮ್ಮಿ ಆಗಿಲ್ಲ ತಾನೇ?"

"ಪುಟದ ನಂಬರು ನೋಡೇ ಜೋಡಿಸಿದ್ದೀನಿ ಸ್ವಾಮಿ. ಒಂದೂ ತಪ್ಪಿಲ್ಲ!"

ಭಾನುವಾರ ಬೆಳಿಗ್ಗೆ ಭಾಷಣಕ್ಕಾಗಿ ಎಪ್ಪತ್ತೆರಡನೇ ನಂಬರಿನ ಪುಸ್ತಕ ಹಿಡಿದು ಕೂತೆ, ಪೂರ್ತಿ ಓದಿದೆ. ಬೆಟ್ಟದ ಮೇಲಿನ ಬಂಗಲೆಯಲ್ಲಿ ಗಿರಣಿ ಯಜಮಾನನ ಕೊಲೆ. ಮನೆಯವರ ಮೇಲೆಲ್ಲ ಅನುಮಾನ. ಕೊನೆಯ ಅಧ್ಯಾಯದಲ್ಲಿ ಇನ್ಸ್‌ಪೆಕ್ಟರು ಎಲ್ಲರನ್ನೂ ಕೂರಿಸಿ ಬೆರಳು ತೋರಿಸುತ್ತಾರೆ: ಕೊಲೆಗಾರ ಹಡಗಿನ ಅಡುಗೆಭಟ್ಟ! ಅಬ್ಬಾ, ನನಗೆ ರೋಮಾಂಚನವಾಯಿತು! ಅಲ್ಲಿಯವರೆಗೆ ಕಥೆಯಲ್ಲಿ ಹಡಗೂ ಇಲ್ಲ, ಸಮುದ್ರವೂ ಇಲ್ಲ, ಅಡುಗೆಭಟ್ಟನಂತೂ ಇಲ್ಲವೇ ಇಲ್ಲ. ಯಾರಾದರೂ ಊಹಿಸಲು ಸಾಧ್ಯವೇ?

ಸಭೆ ತುಂಬಿತ್ತು. ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಒಂದು ಕೈಯಲ್ಲಿ ಆ ಪುಸ್ತಕ, ಇನ್ನೊಂದರಲ್ಲಿ ಮೈಕು ಹಿಡಿದು ಗುಡುಗಿದೆ: "ಬೇರೆಯವರು ಕೊಲೆಗಾರನನ್ನು ಕಥೆಯೊಳಗೆ ಬಚ್ಚಿಡುತ್ತಾರೆ. ನಮ್ಮ ಮಾಸ್ತರು ಕಥೆಯಿಂದ ಆಚೆಯೇ ಬಚ್ಚಿಟ್ಟರು! ಬೆಟ್ಟದ ಮೇಲೆ ಹಡಗು ತಂದು ನಿಲ್ಲಿಸೋ ಗಂಡೆದೆ ಇನ್ಯಾರಿಗಿದೆ ಸ್ವಾಮಿ?"

ಚಪ್ಪಾಳೆಯೋ ಚಪ್ಪಾಳೆ! ಮಾಸ್ತರು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟರು. ಆಮೇಲೆ ಶಾಲು ಸರಿಮಾಡಿಕೊಂಡು, "ನಿಜ, ಆ ಮುಕ್ತಾಯಕ್ಕಾಗಿ ನಾನು ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದೆ" ಅಂದರು. ಮತ್ತೆ ಚಪ್ಪಾಳೆ. ಗೆದ್ದೆ ಅಂತ ಮೂರನೇ ಸಾಲಿನ ಕಡೆ ಮೀಸೆ ತಿರುವಿದೆ.

ಮೂರನೇ ಸಾಲು ಎದ್ದು ನಿಂತಿತು!

"ಮಾಸ್ತರೇ, ತಪ್ಪು ತಿಳ್ಕೋಬೇಡಿ. ಆ ಅಡುಗೆಭಟ್ಟ ನಿಮ್ಮ ಹತ್ತೊಂಬತ್ತನೇ ಕಾದಂಬರೀಲಿ ಬರೋನು. ಇದ್ರಲ್ಲಿ ಕೊಲೆ ಮಾಡಿದ್ದು ಯಜಮಾನನ ಬಾಮೈದ. ಕುಂಟನ ಹಾಗೆ ನಟಿಸ್ತಿರ್ತಾನೆ. ತೊಂಬತ್ತನೇ ಪುಟದಲ್ಲಿ ಅವನ ಊರುಗೋಲು ಬಾಗಿಲ ಹತ್ರ, ಅವನು ಮಹಡಿ ಮೇಲೆ. ಅಲ್ಲೇ ಸಿಕ್ಕಿಬಿದ್ದ!"

ಮಾಸ್ತರು ನನ್ನ ಕೈಯಿಂದ ಪುಸ್ತಕ ಇಸ್ಕೊಂಡು ಕೊನೆಯ ಪುಟಗಳನ್ನು ತಿರುವಿದರು. ಹಿಂದಿನ ಸಾಲಿನಿಂದ ಬೈಂಡರ್ ತಾತ ಎದ್ದು, "ಪುಟದ ನಂಬರು ಸರಿಯಾಗೇ ಇದೆಯಲ್ಲ ಸ್ವಾಮಿ!" ಅಂತ ಕೂಗಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾಸ್ತರೂ ನಕ್ಕರು, ಮೈಕಿನಲ್ಲೇ ತಪ್ಪೊಪ್ಪಿಕೊಂಡರು. ನಗದೇ ಇದ್ದವನು ನಾನೊಬ್ಬನೇ.

"ಎಷ್ಟು ಓದಿದ್ದೀರಮ್ಮ?" ಅಂತ ಮಾಸ್ತರು ಕೇಳಿದರು.

"ನೂರ ಇಪ್ಪತ್ತಾರೂ. ಬೇಳೆ ಬೇಯೋವಷ್ಟರಲ್ಲಿ ಹತ್ತು ಪುಟ, ಇಸ್ತ್ರಿಪೆಟ್ಟಿಗೆ ಕಾಯೋವಷ್ಟರಲ್ಲಿ ಎರಡು. ಒಂಬತ್ತು ವರ್ಷ ಆಯ್ತಲ್ಲ."

ದಾರಿಯಲ್ಲಿ ಕೇಳಿದೆ, "ಓದ್ತಿದ್ದೀನಿ ಅಂತ ನನಗೆ ಹೇಳ್ಬಾರದಿತ್ತೇನೇ?"

"ನೀವು ಓದಿಲ್ಲ ಅಂತ ನನಗೆ ಹೇಳಿದ್ರಾ?"

ಮರುದಿನವೇ ಕಪಾಟು ಅಡುಗೆಮನೆಗೆ ಹೋಯಿತು, ಮಿಷನ್ನು ಕಿಟಕಿಗೆ ಬಂತು. ಬೆಳಕಿನಲ್ಲಿ ಅವಳು ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸಿದ್ದು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಒಂಬತ್ತು ವರ್ಷ ಅವಳ ಕಣ್ಣಿಗೆ ನಾನೇ ಅಡ್ಡ ನಿಂತಿದ್ದೆ. ಈಗ ಅವಳೇ ಬಿಡುವಾದಾಗ ಒಂದೊಂದೇ ಪುಸ್ತಕ ಬಿಚ್ಚಿ, ಸರಿಯಾದ ಮುಕ್ತಾಯ ಹುಡುಕಿ ಹೊಲಿಯುತ್ತಾಳೆ. ನಾನು ಪಕ್ಕದಲ್ಲಿ ಕೂತು ದಾರದುಂಡೆ ಹಿಡಿದುಕೊಳ್ಳುತ್ತೇನೆ.

ಹೋದ ವಾರ ಮಾಸ್ತರಿಂದ ನೂರ ಇಪ್ಪತ್ತೇಳನೇ ಕಾದಂಬರಿ ಅಂಚೆಯಲ್ಲಿ ಬಂತು. ಅರ್ಪಣೆ ನನ್ನ ಹೆಂಡತಿಗೆ! ಹೊಟ್ಟೆಕಿಚ್ಚು ನುಂಗಿಕೊಂಡು ಮೊದಲ ಪುಟ ತೆರೆದೆ. ನೀರು ಸರಬರಾಜು ಕಚೇರಿಯ ಗುಮಾಸ್ತನೊಬ್ಬ ತನ್ನದೇ ಪುಸ್ತಕದ ಕಪಾಟಿನಡಿ ಸತ್ತು ಬಿದ್ದಿದ್ದಾನೆ!

"ಅಯ್ಯೋ, ನೋಡೇ ಇಲ್ಲಿ! ನನ್ನನ್ನ ಕೊಂದಿದ್ದು ಯಾರೇ?"

ಅವಳು ಮಿಷನ್ನು ನಿಲ್ಲಿಸಲೂ ಇಲ್ಲ.

"ನಾನ್ಯಾಕೆ ಹೇಳ್ಲಿ? ಒಂದನ್ನಾದ್ರೂ ಕೊನೇವರೆಗೂ ಓದಿ."